ಅಪ್ಪನಿಗೆ ಫೇಟಾ ಸುತ್ತಿದವರು

ಅಪ್ಪನಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಡುತ್ತೇವೆಂದು ಫೋನು ಬಂದ ದಿನ ನನಗೆ ಸಂತೋಷವಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಶಾಲೆಯಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ದಿನ ಬಂದದ್ದು ಸಿಟ್ಟಲ್ಲ, ಹೆದರಿಕೆ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಲೈಟ್‌ಮ್ಯಾನ್ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಅವನು ಯಾರ ಸೀರಿಯಲ್ಲಿನ ಸೆಟ್ಟಿನಲ್ಲಿ ಸತ್ತನೋ, ಪ್ರಶಸ್ತಿ ಕೊಡುವ ಚಾನೆಲ್ಲೂ ಅವರದೇ.

ಅಪ್ಪ ಮರಾಠಿ ಸಿನಿಮಾ, ಸೀರಿಯಲ್ಲುಗಳಲ್ಲಿ ನಲವತ್ತು ವರ್ಷ ಡ್ರೆಸ್‌ಮ್ಯಾನ್ ಆಗಿದ್ದವನು. ಅದಕ್ಕೂ ಮೊದಲು ವಿಜಯಪುರದ ಕಡೆಯ ಒಂದು ನಾಟಕ ಕಂಪನಿಯಲ್ಲಿ ರಾಜರ ಅಂಗಿಗಳಿಗೆ ಜರಿ ಹೊಲಿಯುತ್ತಿದ್ದ. ಕಂಪನಿ ಸೊಲ್ಲಾಪುರದಲ್ಲಿ ಡೇರೆ ಕಿತ್ತ ಮೇಲೆ ಪುಣೆಗೆ ಬಂದು ಇಲ್ಲಿಯೇ ಉಳಿದ. ಕಾತ್ರಜದಲ್ಲಿ ಎರಡು ಕೋಣೆಯ ಮನೆ ಮಾಡಿದ. ಅವ್ವ ಹೋದ ಮೇಲೆ ನಾವಿಬ್ಬರೇ. ನಾನು ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಪಾಠ ಹೇಳುತ್ತೇನೆ. ನನ್ನ ಮಕ್ಕಳ ಅಪ್ಪ ಅವ್ವಂದಿರು ಹೆಚ್ಚಿನವರು ಯಾದಗಿರಿ, ಕಲಬುರ್ಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು.

ಆ ಲೈಟ್‌ಮ್ಯಾನ್ ಕೂಡ ಮೊದಲು ಗೌಂಡಿಯೇ. ಮಗರಪಟ್ಟಾದಲ್ಲಿ ಹನ್ನೆರಡನೆಯ ಅಂತಸ್ತಿನ ಮೇಲೆ ನಿಂತು ಪ್ಲಾಸ್ಟರ್ ಹಾಕುತ್ತಿದ್ದ. ಮಗಳು ನನ್ನ ತರಗತಿಯಲ್ಲಿದ್ದಳು. ಒಂದು ದಿನ ಅವಳನ್ನು ಕರೆದೊಯ್ಯಲು ಬಂದವನು, "ಅಕ್ಕಾರ, ನಿಮ್ಮ ತಂದೆಯವರು ಶೂಟಿಂಗಿನ್ಯಾಗ ಇದ್ದಾರಂತಲ್ರಿ. ನನಗೂ ಒಂದು ಕೆಲಸ ನೋಡಂತ ಹೇಳ್ರಿ. ಮ್ಯಾಲ ಹತ್ತಿ ಹತ್ತಿ ಮಗಳಿಗೆ ಅಂಜಿಕಿ ಆಗೇದ, ಅಪ್ಪ ಬೀಳ್ತಾನ ಅಂತ ರಾತ್ರಿ ಅಳ್ತಾಳ" ಎಂದ. ನಾನು ಅಪ್ಪನಿಗೆ ಹೇಳಿದೆ. ಅಪ್ಪ ಲೈಟಿನವರಿಗೆ ಹೇಳಿದ. ಹೀಗೆ ನೆಲದ ಮೇಲಿನ ಕೆಲಸ ಎಂದು ನಾವಿಬ್ಬರೂ ಸೇರಿ ಅವನನ್ನು ಸೆಟ್ಟಿಗೆ ಕಳಿಸಿದೆವು.

ಸಾತಾರಾ ರಸ್ತೆಯಲ್ಲಿ, ಘಾಟಿನ ಆಚೆ, ಆ ಸೀರಿಯಲ್ಲಿನ ಸೆಟ್ಟಿತ್ತು. ಮದುವೆಯ ದಿನ ಮಳೆ ಬರುವ ದೃಶ್ಯ. ಪೈಪಿನಿಂದ ಮಳೆ ಸುರಿಸುತ್ತಿದ್ದರು. ಬೆಳಿಗ್ಗೆ ಅಪ್ಪ ಒದ್ದೆ ಸೀರೆಗಳನ್ನು ಒಣಗಿಸಲು ಹೋದಾಗ ಒಂದು ದಪ್ಪ ವೈರು ನೋಡಿದ. ನಡುವೆ ತುಂಡಾಗಿ, ಕರಿ ಟೇಪು ಸುತ್ತಿದ ಗಂಟು. ಆ ಗಂಟು ನೀರಿನ ದಾರಿಯಲ್ಲೇ ಬಿದ್ದಿತ್ತು. ಅಪ್ಪನೂ ಹೇಳಿದ, ಲೈಟ್‌ಮ್ಯಾನೂ ಹೇಳಿದ. "ಈ ಶಾಟ್ ಮುಗೀಲಿ" ಎಂದರು. ಮೂರನೆಯ ಶಾಟಿಗೆ ಅವನು ವಾಲುತ್ತಿದ್ದ ಲೈಟಿನ ಕಂಬ ಹಿಡಿಯಲು ಹೋದ. ಅಪ್ಪ ಹತ್ತು ಹೆಜ್ಜೆ ದೂರದಲ್ಲಿ ವರನ ಶಾಲು ಹಿಡಿದು ನಿಂತಿದ್ದ.

ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಕುಡಿದ ಅಮಲಿನಲ್ಲಿ ವೈರು ತುಳಿದ ಕಾರ್ಮಿಕ ಎಂದು. ಕಂಪನಿಯವರು ಹಾಗೆಂದು ಹೇಳಿದ್ದರು. ವೈದ್ಯರ ಕಾಗದದಲ್ಲಿ ಆ ಮಾತಿರಲಿಲ್ಲ. ಆದರೆ ವೈದ್ಯರ ಕಾಗದ ಯಾರು ಓದುತ್ತಾರೆ? ಊರಿಗೆ ಹೆಣ ತಲುಪುವ ಮೊದಲೇ ಆ ಮಾತು ತಲುಪಿತ್ತು. ಅಪ್ಪ ಪೊಲೀಸ್ ಚೌಕಿಗೆ ಹೋಗಿ ಹೇಳಿದ. "ಕರೆಯುತ್ತೇವೆ ಬಾಬಾ" ಎಂದು ಕಳಿಸಿದರು. ಕರೆಯಲಿಲ್ಲ. ಸೆಟ್ಟಿನಲ್ಲಿದ್ದ ಉಳಿದವರಿಗೆ ನಾಳೆಯೂ ಅಲ್ಲಿಯೇ ಕೆಲಸವಿತ್ತು, ಅವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು.

ಫೋನು ಬಂದದ್ದು ಇಂಥ ಹೊತ್ತಿನಲ್ಲಿ. ಅಪ್ಪ ಮರಾಠಿಯಲ್ಲಿ ಹೋ, ಹೋ ಎನ್ನುತ್ತ ಎದ್ದು ನಿಂತುಬಿಟ್ಟ. ಫೋನಿಟ್ಟವನು ನನ್ನ ಕಡೆ ತಿರುಗಿದಾಗ ಅವನ ಮುಖ ಹಬ್ಬದ ದಿನದ ಹಾಗಿತ್ತು.

"ಕೇಳಿದೇನವಾ? ನನ್ನ ಹೆಸರು ಕರೀತಾರಂತ. ಸ್ಟೇಜಿನ ಮ್ಯಾಲ."

"ಯಾಕ ಕರೀತಾರ ಅಂತ ಕೇಳಿದೇನು?"

"ನಲವತ್ತು ವರ್ಷ ದುಡಿದೀನಿ, ಅದಕ್ಕ."

"ಮೂವತ್ತೊಂಬತ್ತು ವರ್ಷ ಅವರಿಗೆ ನೆನಪಿದ್ದಿಲ್ಲೇನು?"

ಅಪ್ಪ ಒಳಗೆ ಹೋಗಿ ಟ್ರಂಕು ತೆಗೆದ. ಬಿಳಿ ನೆಹರೂ ಶರ್ಟು, ಧೋತರ ಹೊರಗೆ ಬಂದವು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಅಪ್ಪನಿಗೆ ಎಪ್ಪತ್ತು ದಾಟಿತ್ತು. ನಾನು ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ನಿಂತೆ.

ಮೂರು ದಿನ ಬಿಟ್ಟು ಕಂಪನಿಯಿಂದ ಒಬ್ಬ ಮನುಷ್ಯ ಬಂದ. ಪೇಢೆಯ ಡಬ್ಬಿ, ಆಮಂತ್ರಣದ ದೊಡ್ಡ ಕಾರ್ಡು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. ಬಾಗಿಲಲ್ಲೇ ಬೂಟು ಬಿಚ್ಚಿದ, ಅಪ್ಪನ ಕಾಲು ಮುಟ್ಟಿದ, ಅವ್ವನ ಫೋಟೋಕ್ಕೆ ಕೈಮುಗಿದ. ಸತ್ತವನ ಮಾತು ಒಂದು ಸಲವೂ ಆಡಲಿಲ್ಲ. ಹೊರಡುವಾಗ ಮಾತ್ರ, ನೆನಪಾದವನ ಹಾಗೆ, ನನ್ನನ್ನು ಮರಾಠಿಯಲ್ಲಿ ಕೇಳಿದ: ಆ ಹುಡುಗಿ ನಿಮ್ಮ ಶಾಲೆಯಲ್ಲೇ ಅಲ್ಲವೇ? ಪಾಪ. ಅವಳ ತಾಯಿ ಇಲ್ಲಿಗೆ ಬರುತ್ತಿರುತ್ತಾಳಾ?

ನಾನು ಶಾಲೆಯ ಹೆಸರನ್ನು ಅವನಿಗೆ ಹೇಳಿರಲಿಲ್ಲ. ನಾನು ಟೀಚರ್ ಎಂದೂ ಹೇಳಿರಲಿಲ್ಲ. "ಇಲ್ಲ, ಬರೋದಿಲ್ಲ" ಎಂದು ಅಪ್ಪನೇ ಹೇಳಿದ. ಅದು ಸುಳ್ಳು. ಸತ್ತವನ ಹೆಂಡತಿ ಹಿಂದಿನ ಸಂಜೆಯಷ್ಟೇ ಬಂದು, ಅದೇ ಚಾಪೆಯ ಮೇಲೆ ಕೂತು ಹೋಗಿದ್ದಳು.

ಅವಳು ಬಂದದ್ದು ಒಂದೇ ಮಾತು ಕೇಳಲು. "ಕಾಕಾ, ನನಗೇನೂ ಬ್ಯಾಡ. ಅಂವ ಕುಡಿದಿದ್ದಿಲ್ಲ ಅಂತ ಒಬ್ಬರರೆ ಹೇಳ್ರಿ. ಮಂದಿ ಮುಂದ ಹೇಳ್ರಿ. ನೀವು ಅಲ್ಲೇ ಇದ್ರಿ. ಅತ್ತಿ ಮಾವ ಫೋನ್ ಎತ್ತವಲ್ಲರು. ಮಗಳು ಸಾಲಿಗೆ ಹೋಗಂದ್ರ ಅಳ್ತಾಳ." ಸಾಲಿಗೆ ಹೋಗದಿರುವ ಕಾರಣ ನನಗೆ ಗೊತ್ತಿತ್ತು. ತರಗತಿಯಲ್ಲಿ ಒಬ್ಬ ಅವಳನ್ನು ಕುಡುಕನ ಮಗಳು ಎಂದಿದ್ದ. ಮಕ್ಕಳ ಮೈ ಮುಟ್ಟಬಾರದೆಂದು ಸುತ್ತೋಲೆ ಇದೆ. ಅವತ್ತು ನನಗೆ ಸುತ್ತೋಲೆ ನೆನಪಾಗಲಿಲ್ಲ, ಅವನ ಕಿವಿ ಕೆಂಪಾಗಿತ್ತು. ಆದರೆ ಒಬ್ಬನ ಕಿವಿ ಹಿಂಡಿದರೆ ಇಪ್ಪತ್ತೆಂಟು ಮಕ್ಕಳ ಬಾಯಿ ಮುಚ್ಚುತ್ತದೆಯೇ?

ಅವಳಿಗೆ ಅಪ್ಪ ಏನೂ ಹೇಳಿರಲಿಲ್ಲ. ಬರೀ ತಲೆ ತಗ್ಗಿಸಿದ್ದ. ಈಗ ಪೇಢೆಯ ಡಬ್ಬಿ ಮುಂದಿಟ್ಟುಕೊಂಡು ಕೂತ ಅವನನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಇದು ಪ್ರಶಸ್ತಿ ಅಲ್ಲ. ಬಾಯಿ ಮುಚ್ಚು ಅಂತ ಕೊಡೂದು."

"ನನಗ ತಿಳಿಯೂದಿಲ್ಲೇನು?"

"ತಿಳದೂ ಹೋಗ್ತಿ?"

"ಹೋಗ್ತೀನಿ," ಎಂದ. ಡಬ್ಬಿ ತೆರೆದು ಒಂದು ಪೇಢೆ ಬಾಯಿಗೆ ಹಾಕಿಕೊಂಡ. ಅಪ್ಪನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ. ಎಂಟು ದಿನ ನಾವು ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದೆವು.

ಆ ವರ್ಷದ ಸಮಾರಂಭ ಶುರುವಾಗುವ ಮೊದಲೇ ಗದ್ದಲವೆದ್ದಿತ್ತು. ಚಾನೆಲ್ಲು ತನ್ನದೇ ಸೀರಿಯಲ್ಲುಗಳಿಗೆ ಪ್ರಶಸ್ತಿ ಹಂಚಿಕೊಳ್ಳುತ್ತದೆ, ಯಾರು ಬರುತ್ತಾರೋ ಅವರಿಗೆ ಬಹುಮಾನ, ಬರದಿದ್ದರೆ ಇಲ್ಲ ಎಂದು ಒಬ್ಬ ದೊಡ್ಡ ನಟ ಮೈಕಿನ ಮುಂದೆ ಹೇಳಿದ. ಅದರ ಮೇಲೆ ವಾರವಿಡೀ ಚರ್ಚೆ. ಕೆಲಸಗಾರರ ಸಂಘದವರು ಸತ್ತವನ ಹೆಸರಿನಲ್ಲಿ ಎಲ್ಲರೂ ಕರಿ ಪಟ್ಟಿ ಕಟ್ಟಿಕೊಂಡು ಬನ್ನಿ ಎಂದು ಕರೆ ಕೊಟ್ಟರು. ಎರಡು ದಿನದಲ್ಲಿ ಆ ಕರೆ ಹಿಂದಕ್ಕೆ ಹೋಯಿತು. ಯಾಕೆ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅಪ್ಪನ ಹಳೆಯ ಗೆಳೆಯರ ಫೋನುಗಳು ನಿಂತುಹೋದವು.

ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ರಿಹರ್ಸಲ್ಲಿಗೆ ಕಾರು ಬಂತು. ಅಪ್ಪನ ಮೊಣಕಾಲು ಸರಿಯಿಲ್ಲ, ಒಬ್ಬನನ್ನೇ ಕಳಿಸುವಂತಿರಲಿಲ್ಲ, ನಾನೂ ಹೋದೆ. ದೊಡ್ಡ ಸಭಾಗೃಹ. ಒಳಗೆ ಕಾಲಿಟ್ಟವಳು ನಿಂತೇಬಿಟ್ಟೆ. ಸಾಲು ಸಾಲು ಖಾಲಿ ಕುರ್ಚಿ, ಪ್ರತಿಯೊಂದು ಕುರ್ಚಿಯ ಬೆನ್ನಿಗೂ ಒಂದು ಮುಖ. ಯಾವ ತಾರೆ ಎಲ್ಲಿ ಕೂರುತ್ತಾರೆಂದು ಕ್ಯಾಮೆರಾದವರಿಗೆ ಗೊತ್ತಾಗಲು ಕಾಗದದ ಮೇಲೆ ಅವರ ಫೋಟೋ ಅಂಟಿಸಿದ್ದರು. ಅರೆಗತ್ತಲಲ್ಲಿ ನೂರಾರು ಕಾಗದದ ಮುಖಗಳು ವೇದಿಕೆಯ ಕಡೆ ನೋಡಿ ನಗುತ್ತಿದ್ದವು. ಫ್ಯಾನಿನ ಗಾಳಿಗೆ ಕೆಲವು ಅಲ್ಲಾಡುತ್ತಿದ್ದವು. ನನ್ನ ಬಾಯಿಂದ ರಾಮ ರಾಮ ಎಂದು ತಾನಾಗಿ ಬಂತು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ಅಪ್ಪನನ್ನು ಕೈಹಿಡಿದು ಕರೆದೊಯ್ದಳು. ನಾಳೆ ತೊಡುವ ಬಟ್ಟೆಯಲ್ಲೇ ಬರಬೇಕೆಂದು ಮೊದಲೇ ಹೇಳಿದ್ದರು. ಒಬ್ಬ ಮುದುಕ ಅಪ್ಪನ ತಲೆಗೆ ಕೇಸರಿ ಫೇಟಾ ಸುತ್ತಿದ. ಹೆಗಲಿಗೆ ಶಾಲು ಬಂತು. ತೂಕ ಗೊತ್ತಾಗಲಿ ಎಂದು ನಿಜವಾದ ಫಲಕವನ್ನೇ ಕೈಗೆ ಕೊಟ್ಟರು. "ಬಾಬಾ, ಇಲ್ಲಿ ನಿಂತು ಎರಡು ಮಾತು ಹೇಳಿ. ಧನ್ಯವಾದ, ಇದೇ ನನ್ನ ಮನೆ, ಇವರೇ ನನ್ನ ಮಂದಿ. ಅಷ್ಟು ಸಾಕು" ಎಂದಳು ಹುಡುಗಿ.

ಅಪ್ಪ ಕಾಗದದ ಮುಖಗಳಿಗೆ ಕೈಮುಗಿದು, ನಗುತ್ತ ಹೇಳಿದ: "ಧನ್ಯವಾದ. ಹೇಚ್ ಮಾಝಂ ಘರ್, ಹೀಚ್ ಮಾಝೀ ಮಾಣಸಂ."

"ಇನ್ನೊಮ್ಮೆ ಬಾಬಾ. ಸ್ವಲ್ಪ ನಿಧಾನಕ್ಕೆ."

ಮೂರು ಸಲ ಹೇಳಿಸಿದರು. ಕ್ಯಾಮೆರಾದ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ರಿಹರ್ಸಲ್ಲಿಗೂ ಯಾಕೆ ತೆಗೆಯುತ್ತೀರಿ ಎಂದು ನಾನು ಹುಡುಗಿಯನ್ನು ಕೇಳಿದೆ. "ಸೇಫ್ಟಿಗೆ ಮೇಡಂ, ಎಲ್ಲರದೂ ತೆಗೀತೀವಿ" ಎಂದು ಹೇಳಿ ಮುಂದಿನವರನ್ನು ಕರೆಯಲು ಓಡಿದಳು.

ಮರುದಿನ ನಾಲ್ಕು ಗಂಟೆಗೆ ಶುರು. ಬಾಗಿಲಲ್ಲೇ ಎಲ್ಲರ ಫೋನು ತೆಗೆದುಕೊಂಡು ಚೀಲದಲ್ಲಿ ಹಾಕಿ ಚೀಟಿ ಕೊಟ್ಟರು. ಒಳಗೆ ಕಾಗದದ ಮುಖಗಳ ಜಾಗದಲ್ಲಿ ಅವೇ ಮುಖದ ಮನುಷ್ಯರು ಕೂತಿದ್ದರು. ಅಪ್ಪನನ್ನು ವೇದಿಕೆಯ ಹಿಂದೆ ಕೂರಿಸಿದ್ದರು. ಫೇಟಾ ಸುತ್ತುವ ಮುದುಕ ಅವತ್ತು ಅವಸರದಲ್ಲಿ ಅದರ ಸೆರಗನ್ನು ಬಲ ಹೆಗಲಿಗೆ ಬಿಟ್ಟಿದ್ದ. ಅಪ್ಪ ಕನ್ನಡಿ ನೋಡಿ, "ನಿನ್ನೆ ಎಡಕ್ಕಿತ್ತು" ಎಂದು ತಾನೇ ತೆಗೆದು ಎಡಕ್ಕೆ ಬಿಟ್ಟುಕೊಂಡ. ಜೇಬಿನ ಪೆನ್ನನ್ನು ನಿನ್ನೆಯಷ್ಟೇ ಮೇಲಕ್ಕೆ ಎಳೆದ. ಶಾಲಿನ ಅಂಚು ಮಡಿಸಿದ.

ಅದು ಅವನ ಕಸುಬು. ಸೀರಿಯಲ್ಲಿನಲ್ಲಿ ಒಂದೇ ದೃಶ್ಯವನ್ನು ಇವತ್ತು ಅರ್ಧ, ಎಂಟು ದಿನ ಬಿಟ್ಟು ಅರ್ಧ ತೆಗೆಯುತ್ತಾರೆ. ನೋಡುವವರಿಗೆ ಎಲ್ಲ ಒಂದೇ ಗಳಿಗೆಯಲ್ಲಿ ನಡೆದಂತೆ ಕಾಣಬೇಕು. ಸೊಸೆಯ ಕೈಯ ಬಳೆ ಹನ್ನೆರಡಿದ್ದರೆ ಹನ್ನೆರಡೇ ಇರಬೇಕು. ಇದಕ್ಕೆ ಕಂಟಿನ್ಯೂಟಿ ಎನ್ನುತ್ತಾರೆ. ಈಗಿನವರು ಫೋನಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾರೆ, ಅಪ್ಪ ಕಣ್ಣಲ್ಲೇ ಹಿಡಿದಿಡುತ್ತಿದ್ದ. ನಲವತ್ತು ವರ್ಷದಲ್ಲಿ ಒಂದು ಗುಂಡಿಯೂ ತಪ್ಪಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಅಲ್ಲಿ ಕೂಡ, ಯಾರೂ ಹೇಳದೆ, ತನ್ನನ್ನು ತಾನು ನಿನ್ನೆಗೆ ಸರಿಹೊಂದಿಸಿಕೊಂಡ. ನಾನು ಪಕ್ಕದಲ್ಲೇ ನಿಂತು, ಮುದುಕನಿಗೆ ಶೋಕಿ ನೋಡು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದರು.

ತೆರೆಯ ಹಿಂದಿನವರ ಬಹುಮಾನಗಳನ್ನು ಬೇಗ ಮುಗಿಸುತ್ತಾರೆ. ಐದು ಗಂಟೆಗೆ ಅಪ್ಪನ ಹೆಸರು ಕರೆದರು. ಹಿರಿಯ ನಟಿಯೊಬ್ಬಳು ಫಲಕ ಕೊಟ್ಟು ಬದಿಗೆ ಸರಿದಳು. ಅಪ್ಪ ಮೈಕಿನ ಮುಂದೆ ನಿಂತ. ಒಂದು ಸಲ ಕೆಮ್ಮಿದ.

ಮರಾಠಿಯಲ್ಲಿ ಹೇಳಿದ. ಸತ್ತ ಲೈಟ್‌ಮ್ಯಾನಿನ ಹೆಸರು ಹೇಳಿದ, ಅವನ ಊರಿನ ಹೆಸರು ಹೇಳಿದ. "ನಾನು ಅಲ್ಲಿ ಹತ್ತು ಹೆಜ್ಜೆ ದೂರದಲ್ಲಿದ್ದೆ. ತೋ ಪ್ಯಾಯ್ಲಾ ನವ್ಹತಾ. ಅವನು ಕುಡಿದಿರಲಿಲ್ಲ. ವೈರಿನ ಗಂಟು ನೀರಿನಲ್ಲಿತ್ತು. ಬೆಳಿಗ್ಗೆಯೇ ಹೇಳಿದ್ದೆವು." ಅಪ್ಪ ಇನ್ನೊಂದು ಸಲ, ಈ ಸಲ ಕನ್ನಡದಲ್ಲಿ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ, "ಅಂವ ಕುಡಿದಿದ್ದಿಲ್ರಿ" ಎಂದ. ಮೇಲಿನ ಬಾಲ್ಕನಿಯಲ್ಲಿ ಕೆಲಸಗಾರರ ಕಡೆಯಿಂದ ನಾಲ್ಕೈದು ಚಪ್ಪಾಳೆ ಕೇಳಿ ಅಲ್ಲಿಗೇ ನಿಂತವು. ಅಷ್ಟರಲ್ಲಿ ಸಂಗೀತ ಹಾಕಿದರು. ನಿರೂಪಕ ಓಡಿಬಂದು ಅಪ್ಪನ ಹೆಗಲು ಹಿಡಿದು, ಬಾಬಾ ಭಾವುಕರಾಗಿದ್ದಾರೆ ಎಂದು ನಗುತ್ತ ಕೆಳಗಿಳಿಸಿದ.

ನಾನು ಅತ್ತೆ. ಎಂಟು ದಿನ ಅವನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೆನೋ ಅಷ್ಟೂ ನನಗೇ ತಿರುಗಿ ಬಡಿಯಿತು.

ಬರುವಾಗ ಅಪ್ಪ ಹಸಿವೆಯೆಂದ. ದಾರಿಯಲ್ಲಿ ಉಡುಪಿ ಕಡೆಯವರ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಫೇಟಾ ಇನ್ನೂ ತಲೆಯ ಮೇಲಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರು, "ಏನು ಮಾರಾಯ್ರೆ, ಮದುವೆಯಾ?" ಎಂದು ಕೇಳಿದರು. ಅಪ್ಪ ಗಟ್ಟಿಯಾಗಿ ನಕ್ಕ. ಆಮೇಲೆ ನನ್ನ ಕಡೆ ಬಾಗಿ, "ನಿನಗೂ ಹೇಳಲಿಲ್ಲ ಅಂತ ಸಿಟ್ಟಾಗಬ್ಯಾಡ. ನಿನ್ನ ಮುಖದ ಮ್ಯಾಲ ಎಲ್ಲಾ ಕಾಣಿಸ್ತದ. ರಿಹರ್ಸಲ್ಲಿನ್ಯಾಗ ಅವರು ಹೇಳಿದಂಗ ಕುಣಿದೆ. ಸಂಶಯ ಬಂದಿದ್ರ ಮೈಕು ಕೊಡ್ತಿದ್ದಿಲ್ಲ" ಎಂದ. ನನ್ನ ಅಪ್ಪ ಇಷ್ಟು ಚಾಲಾಕಿ ಎಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಎರಡೆರಡು ಸಲ ಚಹಾ ಕುಡಿದೆವು.

ಸಮಾರಂಭ ಟಿ.ವಿ.ಯಲ್ಲಿ ಬರುವುದು ಹದಿನೈದು ದಿನ ಬಿಟ್ಟು, ಭಾನುವಾರ ಸಂಜೆ. ಆ ಹದಿನೈದು ದಿನ ಪತ್ರಿಕೆಯ ತುಂಬ ಪ್ರಶಸ್ತಿಯದೇ ಜಗಳ. ಶ್ರೇಷ್ಠ ನಟ ಯಾರಾಗಬೇಕಿತ್ತು, ಯಾರು ಸಿಟ್ಟಾಗಿ ಎದ್ದುಹೋದರು, ಯಾರ ಸೀರೆ ಯಾರ ಸೀರೆಯ ಹಾಗಿತ್ತು. ಅಪ್ಪ ಹೇಳಿದ ಮಾತು ಎಲ್ಲಿಯೂ ಇರಲಿಲ್ಲ. ಒಂದು ಕಡೆ ಮಾತ್ರ, ಹಿರಿಯ ಡ್ರೆಸ್‌ಮ್ಯಾನ್ ಭಾವುಕರಾಗಿ ಮಾತು ಮರೆತರು ಎಂದಿತ್ತು. ಕಂಪನಿಯಿಂದ ಬೈಗುಳವೂ ಬರಲಿಲ್ಲ, ಬೆದರಿಕೆಯೂ ಬರಲಿಲ್ಲ. ಬದಲಿಗೆ ಫಲಕ ಹಿಡಿದ ಅಪ್ಪನ ಫೋಟೋ ಚೌಕಟ್ಟು ಹಾಕಿಸಿ ಕಳಿಸಿಕೊಟ್ಟರು. ನನಗೆ ಅದು ಒಂದಿಷ್ಟೂ ಸರಿಬರಲಿಲ್ಲ. ಬೊಗಳದ ನಾಯಿಯ ಮುಂದೆ ನಡೆಯುವಾಗಿನ ಹೆದರಿಕೆ ಅದು.

"ಆ ಮಾತು ಕತ್ತರಿಸಿದ್ರ?" ಎಂದು ಅಪ್ಪನನ್ನು ಕೇಳಿದೆ.

"ಕತ್ತರಿಸಲಿ. ಫಲಕ ಕೊಟ್ರು, ಮೈಕಿನ ಮುಂದ ನಿಂತ, ಮುಂದ ಏನಾತು ಅಂತ ಮಂದಿ ಕೇಳೂದಿಲ್ಲೇನು? ತುಂಡಾದದ್ದು ಕಾಣಿಸ್ತದ."

ಅವನಿಗೆ ಅಷ್ಟು ಧೈರ್ಯವಿತ್ತು. ಶನಿವಾರ ಸಂಜೆ ಲೈಟ್‌ಮ್ಯಾನಿನ ಹೆಂಡತಿಯ ಮನೆಗೆ ಹೋಗಿ ಎಲ್ಲ ಹೇಳಿ ಬಂದ. "ನಾಳಿ ಟಿ.ವಿ. ನೋಡವಾ. ಮಗಳನ್ನೂ ಮುಂದ ಕೂಡಸು" ಎಂದ. ನಾನೇನು ಕಡಿಮೆ? ಶನಿವಾರ ಬೆಳಿಗ್ಗೆ ತರಗತಿಯಲ್ಲಿ, ಎಲ್ಲರೂ ಭಾನುವಾರ ಸಂಜೆ ಟಿ.ವಿ. ನೋಡಿರಿ, ಸೋಮವಾರ ನಾನು ಕೇಳುತ್ತೇನೆ ಎಂದು ಹೇಳಿದ್ದೆ. ಕುಡುಕನ ಮಗಳು ಎಂದವನ ಕಡೆ ಬೆರಳು ಮಾಡಿ, "ನೀ ಖಂಡಿತ ನೋಡಬೇಕು" ಎಂದಿದ್ದೆ.

ಕಾತ್ರಜದ ಹಿಂದಿನ ಇಳಿಜಾರಿನಲ್ಲಿ ಅವರ ತಗಡಿನ ಶೆಡ್ಡುಗಳು. ಮೇಸ್ತ್ರಿಯ ಶೆಡ್ಡಿನಲ್ಲಿ ಟಿ.ವಿ. ಇತ್ತು. ಇಪ್ಪತ್ತು ಮಂದಿ ಸೇರಿದ್ದರು. ಹುಡುಗಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಮುಂದೆ ಕೂರಿಸಿದ್ದರು. ಅಪ್ಪನಿಗೆ ಇದ್ದ ಒಂದೇ ಕುರ್ಚಿ. ಅವಳು, ಸತ್ತವನ ಹೆಂಡತಿ, ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು.

ಅಪ್ಪನ ಹೆಸರು ಕರೆದರು. "ಕಾಕಾ ಬಂದ್ರು!" ಎಂದು ಎಲ್ಲರೂ ಕೂಗಿದರು. ನಟಿ ಫಲಕ ಕೊಟ್ಟಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪ ಮೈಕಿನ ಮುಂದೆ ಬಂದ. ಮುಖ ದೊಡ್ಡದಾಗಿ ಕಾಣಿಸಿತು. ಕೈಮುಗಿದು, ನಿಧಾನಕ್ಕೆ, ನಗುತ್ತ ಹೇಳಿದ.

"ಧನ್ಯವಾದ. ಹೇಚ್ ಮಾಝಂ ಘರ್, ಹೀಚ್ ಮಾಝೀ ಮಾಣಸಂ."

ಇದೇ ನನ್ನ ಮನೆ, ಇವರೇ ನನ್ನ ಮಂದಿ. ಒಬ್ಬ ತಾರೆ ಕಣ್ಣೊರೆಸಿಕೊಂಡದ್ದನ್ನು ತೋರಿಸಿದರು. ಮತ್ತೆ ಅಪ್ಪ. ಕೇಸರಿ ಫೇಟಾ, ಸೆರಗು ಎಡ ಹೆಗಲಿಗೆ. ಜೇಬಿನಲ್ಲಿ ಪೆನ್ನು, ಎಷ್ಟು ಮೇಲಿರಬೇಕೋ ಅಷ್ಟೇ ಮೇಲೆ. ಎಲ್ಲಿಯೂ ಏನೂ ತುಂಡಾಗಿರಲಿಲ್ಲ. ಆಮೇಲೆ ಸೋಪಿನ ಜಾಹೀರಾತು.

ಶೆಡ್ಡಿನವರು ಚಪ್ಪಾಳೆ ತಟ್ಟಿದರು. ನಿಜವಾದ ಸಂತೋಷದಿಂದ ತಟ್ಟಿದರು, ಅದನ್ನು ನಾನು ಸಹಿಸಲಾರದೆ ಹೋದೆ. ಹುಡುಗಿ ತಿರುಗಿ ಅಪ್ಪನ ಮುಖ ನೋಡಿದಳು.

"ಅಜ್ಜಾ, ನಮ್ಮಪ್ಪಂದು ಇನ್ನಾ ಬರೂದದ ಏನ್ರಿ?"

ಅಪ್ಪ ಸೋಪಿನ ನೊರೆಯನ್ನೇ ನೋಡುತ್ತಿದ್ದ. "ನಾನ ಎಡಕ್ಕ ಬಿಟ್ಕೊಂಡೆ," ಎಂದ, ನನಗೆ ಮಾತ್ರ ಕೇಳುವ ಹಾಗೆ. "ಬಲಕ್ಕಿತ್ತು. ನಾನ ಎಡಕ್ಕ ಬಿಟ್ಕೊಂಡೆ."

ನನ್ನ ಸಿಟ್ಟು ನೆತ್ತಿಗೇರಿತು. "ಹೇಳ್ಯಾರ್ರಿ! ಹೆಸರು ಹಿಡಿದು ಹೇಳ್ಯಾರ! ನಾ ಕಿವಿಯಾರ ಕೇಳೀನಿ! ಇದು ಹಿಂದಿನ ದಿನ ತೆಗೆದದ್ದು, ಇದು ಮೋಸ!" ಎಂದು ಕೂಗಾಡಿದೆ. ರಿಹರ್ಸಲ್ಲು, ಕಾಗದದ ಮುಖ, ಕೆಂಪು ದೀಪ, ಎಲ್ಲ ಹೇಳಿದೆ. ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಕಣ್ಣೆದುರು ಕಂಡದ್ದನ್ನು ಬಿಟ್ಟು ಟೀಚರ್ ಹೇಳಿದ ಕಥೆ ಯಾರು ನಂಬುತ್ತಾರೆ? ಮೇಸ್ತ್ರಿ ಸಮಾಧಾನದ ದನಿಯಲ್ಲಿ, "ಇರಲಿ ಬಿಡ್ರಿ ಅಕ್ಕಾರ. ದೊಡ್ಡವರ ಕೂಡ ಹೊಂದಿಕೊಂಡು ಹೋಗಬೇಕಾಗ್ತದ. ನಾವೇನು ತಪ್ಪು ತಿಳಿಯೂದಿಲ್ಲ" ಎಂದ. ಅವರು ಬೈದಿದ್ದರೆ ಚೆನ್ನಾಗಿತ್ತು. ಕ್ಷಮಿಸಿಬಿಟ್ಟರು. ಸತ್ತವನ ಹೆಂಡತಿ ಅಪ್ಪನಿಗೆ ಚಹಾ ತಂದುಕೊಟ್ಟಳು. ಅಪ್ಪ ಕುಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ರಜೆ ಹಾಕಿ ಅಪ್ಪನನ್ನು ಚೌಕಿಗೆ ಕರೆದುಕೊಂಡು ಹೋದೆ. ಒತ್ತಾಯ ಮಾಡಿ ಅವಳನ್ನೂ ಕರೆದೊಯ್ದೆ. ಅಲ್ಲಿದ್ದ ಅಧಿಕಾರಿ ಕೆಟ್ಟವನಲ್ಲ. ಅಪ್ಪನನ್ನು ನೋಡಿದ ಕೂಡಲೇ ಎದ್ದು ನಿಂತ. "ಅಭಿನಂದನ್ ಬಾಬಾ! ಮನೆಯವರೆಲ್ಲ ನಿನ್ನೆ ನೋಡಿದೆವು" ಎಂದ. ಅಪ್ಪ ಹೇಳಿದ್ದನ್ನೆಲ್ಲ ಕೇಳಿಕೊಂಡ. ಆಮೇಲೆ ತನ್ನ ಫೋನು ತೆಗೆದು, ಅದೇ ದೃಶ್ಯ ಹಾಕಿ, ನಮ್ಮ ಕಡೆ ತಿರುಗಿಸಿದ. ಇದೇ ನನ್ನ ಮನೆ, ಇವರೇ ನನ್ನ ಮಂದಿ.

"ಬರೆದುಕೊಳ್ಳುತ್ತೇನೆ ಬಾಬಾ, ನನಗೇನು? ಆದರೆ ನಾಳೆ ಅವರ ವಕೀಲ ಇದನ್ನು ತೋರಿಸುತ್ತಾನೆ. ಕೆಲಸಗಾರ ಸತ್ತ ಮೇಲೂ ನೀವು ಅವರನ್ನು ನಮ್ಮವರು ಎಂದಿರಿ. ಈಗ ಒಮ್ಮೆಲೇ ಯಾಕೆ ಬೇರೆ ಮಾತು ಎಂದು ಕೇಳುತ್ತಾನೆ. ಏನು ಹೇಳುತ್ತೀರಿ?"

ಅಪ್ಪ ಬಾಯಿ ತೆರೆಯುವ ಮೊದಲೇ ಒಬ್ಬ ಪೇದೆ ಬಂದು ಅವನ ಪಕ್ಕ ನಿಂತು ಒಂದು ಫೋಟೋ ತೆಗೆದುಕೊಂಡ. ನಾನು ತಿರುಗಿ ನೋಡಿದಾಗ ಬಾಗಿಲಲ್ಲಿ ಅವಳಿರಲಿಲ್ಲ. ಹೊರಗೆ ರಸ್ತೆ ದಾಟುತ್ತಿದ್ದಳು.

ಎಂಟು ದಿನಕ್ಕೆ ಅವಳು ಶಾಲೆಗೆ ಬಂದಳು. ಮಗಳ ಶಾಲೆ ಬಿಟ್ಟ ದಾಖಲೆ ಬೇಕೆಂದಳು. ಊರಿಗೆ ಹೋಗುತ್ತಾಳಂತೆ, ಅಣ್ಣನ ಮನೆಗೆ. ನಾನು ಕಾಗದ ಬರೆಯುತ್ತಿರುವಾಗ ಹುಡುಗಿ ಕೈಕಟ್ಟಿ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ. ತರಗತಿಯಲ್ಲಿ ಈಗ ಅವಳನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ನೋಡಿರೆಂದು ಹೇಳಿದ್ದನ್ನು ಎಲ್ಲ ಮಕ್ಕಳೂ ನೋಡಿದ್ದರು. ಕುಡುಕನ ಮಗಳೆಂಬುದು ಅವರಿಗೆ ಖಾತ್ರಿಯಾಗಿತ್ತು, ಅನ್ನುವುದಕ್ಕೆ ಏನೂ ಉಳಿದಿರಲಿಲ್ಲ.

"ಅಪ್ಪ ದಿನಾ ನಿನ್ನ ನೆನಸ್ತಾರ," ಎಂದು ತಾಯಿಗೆ ಹೇಳಿದೆ. "ಒಂದ್ಸಲ ಮನಿಗೆ ಬಂದು ಹೋಗವಾ."

ಅವಳು ಕಾಗದ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. "ಬಸ್ಸಿಗೆ ಹೊತ್ತಾತ್ರಿ. ಸಾಹೇಬ್ರಿಗೆ ನಮಸ್ಕಾರ ಹೇಳ್ರಿ," ಎಂದಳು.

ಸಾಹೇಬ್ರು ಎಂದು ಅವಳು ಕಂಪನಿಯವರನ್ನು ಕರೆಯುತ್ತಿದ್ದಳು. ನನ್ನ ಅಪ್ಪನನ್ನು ಅವಳು ಕಾಕಾ ಎಂದಲ್ಲದೆ ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪರವೂರಿನವರ ಜೊತೆ ಮಾತಾಡುವ ಮರ್ಯಾದೆ ಇತ್ತು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕೂತಿದ್ದ. ಅವಳು ಶಾಲೆಗೆ ಬರುತ್ತಾಳೆಂದು ಅವನಿಗೆ ಗೊತ್ತಿತ್ತು.

"ಹೋದಳೇನು?"

"ಹೋದ್ಲು."

"ಏನಂದಳು?"

ನಾನು ಚಪ್ಪಲಿ ಬಿಚ್ಚುತ್ತ ಕೆಳಗೆ ನೋಡಿದೆ. "ಕಾಕಾಗ ನಮಸ್ಕಾರ ಹೇಳ್ರಿ ಅಂದ್ಲು."

ಅಪ್ಪ ಬಹಳ ಹೊತ್ತು ನನ್ನ ಮುಖ ನೋಡಿದ. "ಕಾಕಾ ಅಂದಳೇನು?"

"ಹೂಂ."

"ಹೆಂಗಂದಳು? ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಈ ಸಲ ಅವನ ಮುಖ ನೋಡಿಯೇ ಹೇಳಿದೆ.